ಬೇಕೆಂದೇ ಫೇಲಾಗುತ್ತಿದ್ದ ತುಳಸಿ

ತುಳಸಿ ಜಾವಾ ಪರೀಕ್ಷೆಯಲ್ಲಿ ಮತ್ತೆ ಮತ್ತೆ ಫೇಲಾದಳು, ಅದೂ ಬೇಕೆಂದೇ. ಈ ಮಾತು ಹೇಳಿದರೆ ತುಮಕೂರಿನ ನಮ್ಮ ನೆಂಟರು ನನ್ನನ್ನೇ ವಿಚಿತ್ರವಾಗಿ ನೋಡುತ್ತಾರೆ. ನೋಡಿಕೊಳ್ಳಲಿ. ಕಣ್ಣಾರೆ ಕಂಡವಳು ನಾನು, ಅವರಲ್ಲ.

ನಮ್ಮವರು ಸತ್ಯಮೂರ್ತಿ, ಬ್ಯಾಂಕಿನಲ್ಲಿ ಆಫೀಸರು. ವಿಜಯವಾಡದ ಒನ್ ಟೌನ್ ಶಾಖೆಗೆ ವರ್ಗವಾದಾಗ ಗವರ್ನರ್‌ಪೇಟೆಯಲ್ಲಿ ಒಂದು ಬಾಡಿಗೆ ಮನೆ ಹಿಡಿದೆವು. ಬಂದ ಮೊದಲ ವಾರ ನಾನು ಅಂಗಳದಲ್ಲಿ ಬಟ್ಟೆ ಹರವುತ್ತಾ, ಯಾರಿಗೂ ತಿಳಿಯುವುದಿಲ್ಲವೆಂಬ ಧೈರ್ಯದಿಂದ ಆ ಊರಿನ ಬಿಸಿಲಿಗೆ ಕನ್ನಡದಲ್ಲಿ ಶಾಪ ಹಾಕುತ್ತಿದ್ದೆ. ಮಹಡಿಯ ಮೇಲಿಂದ ಒಂದು ದನಿ ಬಂತು. "ಇದಿನ್ನೂ ಫೆಬ್ರವರಿ ಅಕ್ಕಾ. ಮೇ ತಿಂಗಳಿಗೂ ಸ್ವಲ್ಪ ಬೈಗುಳ ಉಳಿಸ್ಕೊಳ್ಳಿ."

ಅದೇ ತುಳಸಿ. ತಿಪಟೂರಿನವಳು, ಮೂವತ್ತರ ಆಸುಪಾಸು, ತೆಳ್ಳಗೆ ಬೆಳ್ಳಗೆ, ಎರಡು ಮಾತಿಗೊಮ್ಮೆ ನಗುವವಳು. ಮಹಡಿಯ ಒಂಟಿ ಕೋಣೆಯಲ್ಲಿ ಒಬ್ಬಳೇ ಇದ್ದಳು. ಗಂಡ ಬಾಲಚಂದ್ರ ವಿಶಾಖಪಟ್ಟಣದಲ್ಲಿ ಔಷಧದ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದ. ಅವನು ಎರಡನೇ ಸಲ ಕೈ ಮಾಡಿದ ದಿನ ಇವಳು ಒಂದು ಬ್ಯಾಗು ಹಿಡಿದು ಹೊರಟು ಬಂದಿದ್ದಳು. ಮಗಳು ಧನ್ಯಾಳನ್ನು ಅತ್ತೆಯ ಹತ್ತಿರ ಬಿಟ್ಟಿದ್ದಳು. ಒಂದು ನೆಲೆ ಕಂಡ ತಕ್ಷಣ ಕರೆದುಕೊಂಡು ಬಂದರಾಯಿತು ಎಂದು ಲೆಕ್ಕ ಹಾಕಿದ್ದಳು. ಮಗುವನ್ನು ಬಿಟ್ಟು ಬಂದದ್ದೇ ತಪ್ಪಾಯಿತು ಎಂದು ನನ್ನೆದುರು ಎಷ್ಟು ಸಲ ಅತ್ತಳೋ. ಎರಡೂ ಕಡೆಯ ಹಿರಿಯರು ಕೂತು ತೀರ್ಮಾನ ಮಾಡಿದ್ದರಂತೆ: ಮಗುವಿನ ಶಾಲೆ ಬಿಡಿಸುವಂತಿಲ್ಲ. ತುಳಸಿಗೆ ವಿಶಾಖಪಟ್ಟಣದಲ್ಲೇ ಖಾಯಂ ಕೆಲಸ ಸಿಕ್ಕಿ, ಅಲ್ಲೇ ಮನೆ ಮಾಡಿದರೆ ಮಗು ಅವಳ ಜೊತೆ. ಇಲ್ಲದಿದ್ದರೆ ಅಪ್ಪನ ಜೊತೆ. ಹೊಡೆದವನ ಬಗ್ಗೆ ಆ ಹಿರಿಯರು ಒಂದು ಮಾತೂ ಆಡಲಿಲ್ಲ. ಅವರ ಬಾಯಿಗೆ ಬೂದಿ ಬೀಳಲಿ.

ತುಳಸಿ ದುಡಿಯುತ್ತಿದ್ದದ್ದು ನಮ್ಮ ಬೀದಿಯ ತುದಿಯ ಕಂಪ್ಯೂಟರ್ ಕೋಚಿಂಗ್ ಸೆಂಟರಿನಲ್ಲಿ. ಅದರ ಮಾಲೀಕರು ಸುಬ್ರಹ್ಮಣ್ಯ. ಬಳ್ಳಾರಿಯಲ್ಲಿ ಓದಿದವರು, ನಮ್ಮ ಜೊತೆ ಅಲ್ಲಿನ ಕನ್ನಡವನ್ನೇ ಆಡುತ್ತಿದ್ದರು, ನಡುನಡುವೆ ತೆಲುಗು. ಅದು 2007. ಇಂಜಿನಿಯರಿಂಗ್ ಮುಗಿಸಿದ ಹುಡುಗ ಹುಡುಗಿಯರೆಲ್ಲ ಜಾವಾ ಸರ್ಟಿಫಿಕೇಟಿಗೆ ಮುಗಿಬಿದ್ದಿದ್ದ ಕಾಲ. ಆ ಪರೀಕ್ಷೆಯನ್ನು ಕಂಪ್ಯೂಟರಿನಲ್ಲೇ ಬರೆಯಬೇಕು. ಒಳಗೆ ಪೆನ್ನು, ಕಾಗದ, ಫೋನು ಯಾವುದೂ ಇಲ್ಲ. ಪ್ರಶ್ನೆಗಳನ್ನು ಹೊರಗೆ ಯಾರಿಗೂ ಹೇಳುವುದಿಲ್ಲ ಎಂದು ಮೊದಲೇ ಒಪ್ಪಿಕೊಂಡು ಕೂರಬೇಕು. ಆದರೆ ಸುಬ್ರಹ್ಮಣ್ಯರ ಸೆಂಟರಿಗೆ ಹೆಸರು ಬಂದಿದ್ದೇ ಆ ಪ್ರಶ್ನೆಗಳಿಂದ. ಅಲ್ಲಿ ಕಲಿತವರಿಗೆ ಪರೀಕ್ಷೆಯಲ್ಲಿ ಬರುವ ಪ್ರಶ್ನೆಗಳೆಲ್ಲ ಮೊದಲೇ ಗೊತ್ತಿರುತ್ತಿದ್ದವು. ಅವನ್ನು ಹೊರಗೆ ತರುತ್ತಿದ್ದವಳು ತುಳಸಿ.

ಅವಳ ತಲೆ ಅಂಥದ್ದು. ಒಳಗೆ ಹೋಗಿ, ಪ್ರಶ್ನೆಗಳನ್ನು ಓದಿ, ಹೊರಗೆ ಬಂದು ಒಂದೂ ಬಿಡದೆ ಒಪ್ಪಿಸುತ್ತಿದ್ದಳು. ಹೇಗಮ್ಮ ಇದು ಎಂದು ಒಂದು ದಿನ ಕೇಳಿದೆ. ಅವರೆಕಾಯಿ ಸುಲಿಯುತ್ತಾ ಕೂತಿದ್ದಳು.

"ಮದುವೆ ಮನೆ ಪಂಕ್ತಿ ಅಂದ್ಕೊಳ್ಳಿ ಅಕ್ಕಾ. ಒಂದೊಂದ್ ಪ್ರಶ್ನೇಗೂ ಒಬ್ಬೊಬ್ಬ ನೆಂಟರನ್ನ ಕೂರಿಸ್ತೀನಿ. ಮೊದಲ್ನೇದು ನಮ್ಮ ದೊಡ್ಡಪ್ಪ, ಪಕ್ಕದಲ್ಲಿ ದೊಡ್ಡಮ್ಮ, ಆಮೇಲೆ ಗುಬ್ಬಿ ಮಾವ. ಎಲೆ ಮೇಲೆ ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ. ನಾಕು ಉತ್ತರ. ಹೊರಗ್ ಬಂದು ಪಂಕ್ತೀಲಿ ನಡ್ಕೊಂಡು ಹೋದ್ರೆ ಆಯ್ತು."

"ಅಷ್ಟೆಲ್ಲ ಬರೋಳು ಪಾಸ್ ಯಾಕಾಗಲ್ವೇ ನೀನು?"

"ಪಾಸಾದ್ರೆ ಅದೇ ಪರೀಕ್ಷೆಗೆ ಮತ್ತೆ ಕೂರಿಸಲ್ಲ ಅಕ್ಕಾ. ಫೇಲಾದ್ರೆ ತಾನೇ ಇನ್ನೊಂದ್ ಸಲ ಹೋಗೋಕಾಗೋದು?"

ನನಗೆ ಮೈಯೆಲ್ಲ ಉರಿದುಹೋಯಿತು. ಉತ್ತರ ಗೊತ್ತಿದ್ದೂ ತಪ್ಪು ಗುರುತು ಹಾಕಿ ಬರುವುದು ಅವಳ ಕೆಲಸ! ಇವಳು ಫೇಲಾದಷ್ಟೂ ಹುಡುಗರು ಪಾಸಾದರು, ಹೈದರಾಬಾದಿಗೆ ಹೋದರು, ಸುಬ್ರಹ್ಮಣ್ಯ ಎರಡನೇ ಮಹಡಿ ಕಟ್ಟಿಸಿದರು. ಇವಳ ಕೈಯಲ್ಲಿ ಮಾತ್ರ ಒಂದು ಸರ್ಟಿಫಿಕೇಟೂ ಇಲ್ಲ. ಕೇಳಿದರೆ ನಗುತ್ತಿದ್ದಳು. ಆ ನಗುವಿನಲ್ಲಿ ಸ್ವಲ್ಪ ಜಂಬವೂ ಇತ್ತು, ಸುಳ್ಳು ಯಾಕೆ ಹೇಳಲಿ. ಮದುವೆಯಾದ ಮೇಲೆ ಅವಳನ್ನು ಭೇಷ್ ಎಂದವರು ಯಾರೂ ಇರಲಿಲ್ಲ. ಆ ಸೆಂಟರಿನಲ್ಲಿ ಎನ್ನುತ್ತಿದ್ದರು.

ಮುಂದಿನ ವರ್ಷದ ಬೇಸಗೆಯಲ್ಲಿ ಅವಳಿಗೆ ವಿಶಾಖಪಟ್ಟಣದ ಋಷಿಕೊಂಡದ ಹತ್ತಿರದ ಒಂದು ಸಾಫ್ಟ್‌ವೇರ್ ಕಂಪನಿಯಿಂದ ಇಂಟರ್‌ವ್ಯೂಗೆ ಕರೆ ಬಂತು. ಒಬ್ಬಳೇ ಹೋಗಲು ಹೆದರಿದಳು. ರತ್ನಾಚಲ್ ರೈಲಿನಲ್ಲಿ ನಾನೂ ಜೊತೆಗೆ ಹೋದೆ. ಇಂಟರ್‌ವ್ಯೂ ಮುಗಿಸಿ ಕುಣಿಯುತ್ತಲೇ ಹೊರಗೆ ಬಂದಳು. ಕೇಳಿದ್ದಕ್ಕೆಲ್ಲ ಉತ್ತರ ಹೇಳಿದ್ದಳಂತೆ. ಅವರಿಗೆ ಬೇಕಾದದ್ದು ಎರಡೇ: ಜಾವಾದ ಹೊಸ ಪರೀಕ್ಷೆಯ ಸರ್ಟಿಫಿಕೇಟು, ಈಗಿನ ಮಾಲೀಕರಿಂದ ಅನುಭವದ ಪತ್ರ. ಮೇ ಮುಗಿಯುವುದರೊಳಗೆ ಎರಡನ್ನೂ ತಂದರೆ ಕೆಲಸ ಗ್ಯಾರಂಟಿ.

ಅಲ್ಲಿಂದ ಗಾಜುವಾಕದ ಅತ್ತೆಯ ಮನೆಗೆ ಹೋದೆವು. ಬಾಲಚಂದ್ರ ಡ್ಯೂಟಿಯಲ್ಲಿದ್ದ. ಅವನ ತಾಯಿ ಉಮಾದೇವಿ ಬಾಗಿಲು ತೆರೆದರು. ನಾನು ರಾಕ್ಷಸಿಯೊಬ್ಬಳನ್ನು ಊಹಿಸಿಕೊಂಡು ಹೋಗಿದ್ದೆ. ನೋಡಿದರೆ ಮಂಡಿನೋವಿನ ಮುದುಕಿ, ಕೂರಿಸಿ ಮಜ್ಜಿಗೆ ಕೊಟ್ಟರು. ಧನ್ಯಾ ಪಕ್ಕದ ಮನೆಯಿಂದ ಓಡಿಬಂದಳು. ಅಮ್ಮನನ್ನು ಕಂಡು ಬಾಗಿಲಲ್ಲೇ ನಿಂತುಬಿಟ್ಟಳು. ಆಮೇಲೆ ಹತ್ತಿರ ಬಂದು, ಸೆರಗು ಹಿಡಿದು, "ನುವ್ವು ಎಪ್ಪುಡು ವಸ್ತಾವು?" ಎಂದಳು. ನೀನು ಯಾವಾಗ ಬರುತ್ತೀಯಾ ಎಂದು ಹೆತ್ತ ತಾಯಿಯನ್ನು ಶಾಲೆಯಲ್ಲಿ ಕಲಿತ ತೆಲುಗಿನಲ್ಲಿ ಕೇಳುತ್ತಿತ್ತು ಮಗು.

"ಬರ್ತೀನಿ ಕಂದಾ, ನಿನ್ ಸ್ಕೂಲ್ ಶುರುವಾಗೋಷ್ಟ್ರಲ್ಲಿ ಬಂದ್‌ಬಿಡ್ತೀನಿ" ಎಂದಳು ತುಳಸಿ.

ಹೊರಡುವಾಗ ಉಮಾದೇವಿ ಮೆಟ್ಟಿಲವರೆಗೆ ಬಂದರು. "ನೋಡು ತುಳಸಿ, ನಂಗೂ ಕೈಲಾಗಲ್ಲ. ಕೆಲಸದ ಆರ್ಡರ್ ತಗೊಂಡು ಬಾ, ನಾನೇ ಮಗೂನ ಕರ್ಕೊಂಡು ಬಂದು ನಿನ್ ಮನೇಲಿ ಬಿಡ್ತೀನಿ. ಜೂನ್ ದಾಟಿದ್ರೆ ನನ್ ಮಾತು ನಡಿಯಲ್ಲ. ಅವ್ನು ಬೇರೆ ಮದುವೆ ಮಾತಾಡ್ತಿದಾನೆ." ರೈಲು ಹತ್ತಿ ವಿಜಯವಾಡಕ್ಕೆ ವಾಪಸು ಬಂದೆವು.

ಹೊಸ ಪರೀಕ್ಷೆ ಎಂದರೆ ಪ್ರಶ್ನೆಗಳೂ ಪೂರ್ತಿ ಹೊಸವು. ತುಳಸಿ ಓದಲು ಕೂತಳು. ಅಂಥ ಓದನ್ನು ನಾನು ಕಂಡಿಲ್ಲ. ಬೆಳಿಗ್ಗೆ ಕಾಫಿ ಕೊಡಲು ಹೋದರೆ ಪುಸ್ತಕ, ಮಧ್ಯಾಹ್ನ ಸಾರು ಕೊಡಲು ಹೋದರೂ ಅದೇ ಪುಸ್ತಕ. ಹೊರಗೆ ಮೇ ತಿಂಗಳ ಬಿಸಿಲು, ಒಳಗೆ ಕರೆಂಟಿಲ್ಲ. ಒದ್ದೆ ಟವೆಲ್ ತಲೆಗೆ ಸುತ್ತಿಕೊಂಡು ಓದುತ್ತಿದ್ದಳು. ಬಾಯಿಪಾಠವಲ್ಲ, ಒಂದೊಂದನ್ನೂ ಸೆಂಟರಿನ ಕಂಪ್ಯೂಟರಿನಲ್ಲಿ ಮಾಡಿ ನೋಡಿ, ಅರ್ಥವಾದ ಮೇಲೆ ಮುಂದಿನದು. "ಈ ಸಲ ನಾನು ಪಾಸಾಗ್ತೀನಿ ಅಕ್ಕಾ. ಪಾಸಾಗೋಕೆ ಅಂತ ಬರೀತಿರೋದು ಇದೇ ಮೊದಲ್ನೇ ಸಲ" ಎಂದಳು. ಆ ಮಾತು ಕೇಳಿ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಪರೀಕ್ಷೆಯ ಹಿಂದಿನ ದಿನ ಸುಬ್ರಹ್ಮಣ್ಯ ಮನೆಗೇ ಬಂದರು. ಅನುಭವದ ಪತ್ರಕ್ಕೆ ತುಳಸಿ ಎಷ್ಟೋ ಸಲ ಕೇಳಿದ್ದಳು, ಇವತ್ತು ನಾಳೆ ಎಂದು ಸತಾಯಿಸುತ್ತಿದ್ದರು.

"ಲೆಟರ್ ರೆಡಿ ಐತಮ್ಮಾ, ಸೈನ್ ಒಂದೇ ಬಾಕಿ" ಎಂದರು. "ಹೊಸ ಪರೀಕ್ಷೆ ನೋಡು, ಯಾರತ್ರಾನೂ ಪ್ರಶ್ನೆ ಇಲ್ಲ. ಬ್ಯಾಚ್ ಪೂರಾ ಕಾಯ್ಕೊಂಡು ಕುಂತೈತಿ. ಇದೊಂದ್ ಸಲ ತಂದು ಕೊಟ್ಬಿಡು. ನಾಳೆ ಅಲ್ಲೇ ಸೈನ್ ಹಾಕಿ ಕೊಡ್ತೀನಿ."

"ಸರ್, ಈ ಸಲ ನಾನು ಪಾಸಾಗ್ಲೇಬೇಕು."

"ಆಗಮ್ಮಾ, ಯಾರ್ ಬ್ಯಾಡಂದ್ರು? ಪಾಸೂ ಆಗು, ಪ್ರಶ್ನೆನೂ ತಾ. ನಿನ್ ತಲಿಗೆ ಇದೆಲ್ಲ ಯಾವ್ ಲೆಕ್ಕ?"

ಅವರು ಹೋದ ಮೇಲೆ ನಾನು ತುಳಸಿಯನ್ನು ಕೂರಿಸಿಕೊಂಡು ಹೇಳಿದೆ. "ಪೆದ್ದಿ ಥರ ಆಡ್ಬೇಡ ಕಣೇ. ಒಳಗೆ ಹೋಗು, ಉತ್ತರ ಬರಿ, ಬಾ. ಎಲ್ಲಾ ಮರ್ತೋಯ್ತು ಅಂದ್ಬಿಡು. ಆ ಮಹಾರಾಯ ನಿನ್ ತಲೆ ಬಗೆದು ನೋಡ್ತಾನಾ?"

"ನಾನು ಯಾವತ್ತೂ ಮರೆತಿಲ್ಲ ಅಂತ ಅವ್ರಿಗೆ ಗೊತ್ತು ಅಕ್ಕಾ. ಲೆಟರ್ ಕೊಡಲ್ಲ. ಲೆಟರ್ ಇಲ್ದಿದ್ರೆ ಕೆಲಸ ಇಲ್ಲ, ಕೆಲಸ ಇಲ್ದಿದ್ರೆ ಧನ್ಯಾ ಇಲ್ಲ. ಎರಡೂ ಮಾಡ್ತೀನಿ ಬಿಡಿ. ನಂಗಾಗುತ್ತೆ." ಆ ಕೊನೆಯ ಮಾತನ್ನು ಹೇಳುವಾಗ ಅವಳು ನಕ್ಕಳು.

ಪರೀಕ್ಷೆ ಮೊಘಲ್‌ರಾಜಪುರದ ಒಂದು ಕಟ್ಟಡದಲ್ಲಿ. ಮಜ್ಜಿಗೆಯ ಬಾಟಲಿ ಹಿಡಿದು ನಾನು ಎದುರಿನ ಬೇವಿನ ಮರದ ಕೆಳಗೆ ನಿಂತೆ. ಸುಬ್ರಹ್ಮಣ್ಯ ತಮ್ಮ ಕಾರಿನಲ್ಲಿ ಎ.ಸಿ. ಹಾಕಿಕೊಂಡು ಕೂತಿದ್ದರು. ನನ್ನನ್ನೂ ಕರೆದರು, ನಾನು ಹೋಗಲಿಲ್ಲ. ನಿಂತಲ್ಲೇ ಎಲ್ಲ ದೇವರಿಗೂ ಹರಕೆ ಹೊತ್ತೆ. ಬೆಟ್ಟದ ಮೇಲಿನ ಕನಕದುರ್ಗಮ್ಮನನ್ನೂ ಬಿಡಲಿಲ್ಲ, ಊರಿನ ನಮ್ಮ ಮನೆದೇವರನ್ನೂ ಬಿಡಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ತುಳಸಿ ಹೊರಗೆ ಬಂದಳು. ಕೈಯಲ್ಲಿ ಮಡಿಸಿದ ಹಾಳೆ. ಫಲಿತಾಂಶವನ್ನು ಅಲ್ಲೇ ಅಚ್ಚು ಹಾಕಿ ಕೊಡುತ್ತಾರೆ. ನಾನು ಓಡಿದೆ. ಮಾತಾಡಬೇಡಿ ಎಂಬಂತೆ ಕೈ ತೋರಿಸಿ, ನೇರ ಕಾರಿಗೆ ಹೋಗಿ ಹಿಂದಿನ ಸೀಟಿನಲ್ಲಿ ಕೂತು ಕಣ್ಣು ಮುಚ್ಚಿದಳು. ಪ್ರಶ್ನೆಗಳನ್ನು ಒಪ್ಪಿಸುವ ಮೊದಲು ಯಾರಾದರೂ ಮಾತಾಡಿಸಿದರೆ ಪಂಕ್ತಿ ಕೆಡುತ್ತದೆಂದು ಅವಳು ಹಿಂದೆಯೇ ಹೇಳಿದ್ದಳು. ನಾನೂ ಪಕ್ಕದಲ್ಲಿ ಕೂತೆ.

ಸುಬ್ರಹ್ಮಣ್ಯ ಲ್ಯಾಪ್‌ಟಾಪ್ ತೆರೆದರು. ತುಳಸಿ ಶುರು ಮಾಡಿದಳು. ಒಂದು, ಎರಡು, ಮೂರು ಎಂದು ಒಂದೇ ದನಿಯಲ್ಲಿ ಇಂಗ್ಲಿಷಿನಲ್ಲಿ ಹೇಳುತ್ತಾ ಹೋದಳು. ಯಾವ ಸಾಲಿನಲ್ಲಿ ಯಾವ ಅಕ್ಷರ, ಎಲ್ಲಿ ಕಂಸ, ನಾಲ್ಕು ಉತ್ತರ ಯಾವುವು, ಎಲ್ಲ. ಎಲ್ಲಿಯೂ ತಡವರಿಸಲಿಲ್ಲ. ಅವಳು ಅಷ್ಟು ಶಾಂತವಾಗಿ ಹೇಳುವುದನ್ನು ಕಂಡು ನನ್ನ ಎದೆ ಹಗುರಾಯಿತು. ಪಾಸಾಗಿದ್ದಾಳೆ, ಧನ್ಯಾ ಬರುತ್ತಾಳೆ, ನಾಳೆ ಹೋಳಿಗೆ ಮಾಡಬೇಕು ಎಂದುಕೊಂಡೆ. ಕೊನೆಯ ಪ್ರಶ್ನೆ ಮುಗಿಸಿ ಕಣ್ಣು ತೆರೆದಳು.

"ಅಬ್ಬಾ! ಒಂದೂ ಬಿಟ್ಟಿಲ್ಲ ತಲ್ಲೀ!" ಎಂದು ಸುಬ್ರಹ್ಮಣ್ಯ ಚಪ್ಪಾಳೆ ತಟ್ಟಿದರು. ಜೇಬಿನಿಂದ ಪತ್ರ ತೆಗೆದು, ಸ್ಟಿಯರಿಂಗ್ ಮೇಲಿಟ್ಟು ಸಹಿ ಹಾಕಿ ಕೊಟ್ಟರು. ಕೊಟ್ಟ ಮಾತು ತಪ್ಪಲಿಲ್ಲ, ಅಷ್ಟು ಹೇಳಬೇಕು.

"ಪಾಸಾದೆ ತಾನೇ?" ಎಂದೆ ನಾನು.

ತುಳಸಿ ಪತ್ರವನ್ನೂ ಹಾಳೆಯನ್ನೂ ಒಟ್ಟಿಗೆ ನನ್ನ ಕೈಗಿಟ್ಟಳು. "ಎಲ್ಲಾ ಹೊಸಾವು ಅಕ್ಕಾ. ಒಂದೊಂದನ್ನೂ ಕೂರಿಸೋ ಹೊತ್ತಿಗೆ ಟೈಮ್ ಹೋಗ್ತಾ ಬಂತು. ಕೊನೇಲಿ ಸುಮಾರು ಪ್ರಶ್ನೆ ಉಳ್ಕೊಂಡ್ವು. ಓದೋಕಾದ್ರೂ ಸಿಗ್ಲಿ ಅಂತ ಓದ್ಬಿಟ್ಟೆ. ಉತ್ತರ ಒತ್ತೋಕೆ ಆಗ್ಲಿಲ್ಲ."

"ಉತ್ತರ ಗೊತ್ತಿತ್ತಾ?"

"ಗೊತ್ತಿತ್ತು."

ಹಾಳೆಯಲ್ಲಿ ಫೇಲ್ ಎಂದಿತ್ತು. ಸ್ವಲ್ಪದರಲ್ಲಿ ಹೋಗಿತ್ತು, ತೀರಾ ಸ್ವಲ್ಪದರಲ್ಲಿ. ಸುಬ್ರಹ್ಮಣ್ಯ ಹಿಂದಕ್ಕೆ ತಿರುಗಿ, "ಪರ್ವಾಲೇದಮ್ಮಾ, ಇನ್ನೊಂದ್ ಸಲ ಬರದ್ರಾಯ್ತು" ಎಂದರು. ಆ ಮನುಷ್ಯನಿಗೆ ನಾನು ಅವತ್ತು ಅಂದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ಕನ್ನಡದಲ್ಲಿ ಸಾಲದೆ ತೆಲುಗಿನಲ್ಲೂ ಅಂದೆ. ಏನು ಪ್ರಯೋಜನ? ಮತ್ತೆ ಕೂರಬೇಕಾದರೆ ಎರಡು ವಾರ ಕಾಯಬೇಕೆಂಬ ನಿಯಮ. ಅಷ್ಟರಲ್ಲಿ ಮೇ ಮುಗಿಯುತ್ತಿತ್ತು. ತುಳಸಿ ಋಷಿಕೊಂಡದ ಕಂಪನಿಗೆ ಫೋನ್ ಮಾಡಿ ಬೇಡಿಕೊಂಡಳು. ಸರ್ಟಿಫಿಕೇಟು ಕೈಯಲ್ಲಿರುವವರನ್ನು ತೆಗೆದುಕೊಳ್ಳುತ್ತೇವೆ, ಕಾಯಲು ಆಗುವುದಿಲ್ಲ ಎಂದರು.

ಆ ಪ್ರಶ್ನೆಗಳನ್ನು ಓದಿಕೊಂಡು ಹೋದ ಬ್ಯಾಚಿನವರು ಒಬ್ಬರೂ ಬಿಡದೆ ಪಾಸಾದರು. ಅದರಲ್ಲಿ ನಮ್ಮವರ ಶಾಖೆಯ ಗುಮಾಸ್ತ ಲಿಂಗರಾಜು ಅವರ ಮಗಳು ಐಶ್ವರ್ಯಾಳೂ ಇದ್ದಳು. ಜೂನ್ ಮೊದಲ ವಾರ ಪೇಡಾದ ಡಬ್ಬಿ ಹಿಡಿದು ನಮ್ಮ ಮನೆಗೆ ಬಂದಳು. ವಿಶಾಖಪಟ್ಟಣದಲ್ಲಿ ಕೆಲಸ ಸಿಕ್ಕಿತು ಆಂಟಿ, ಋಷಿಕೊಂಡದಲ್ಲಿ ಎಂದಳು. ಕಂಪನಿಯ ಹೆಸರನ್ನೂ ಹೇಳಿದಳು. ತುಳಸಿಯನ್ನು ಕರೆದಿದ್ದ ಅದೇ ಕಂಪನಿ. ತುಳಸಿ ನಮ್ಮ ಅಡುಗೆಮನೆಯಲ್ಲೇ ಇದ್ದಳು, ಎಲ್ಲ ಕೇಳಿಸಿಕೊಂಡು ಹೊರಗೆ ಬಂದಳು. ಆ ಹುಡುಗಿಗೆ ಏನೂ ಗೊತ್ತಿರಲಿಲ್ಲ ಪಾಪ. ಬಗ್ಗಿ ತುಳಸಿಯ ಕಾಲಿಗೆ ನಮಸ್ಕಾರ ಮಾಡಿದಳು.

"ನಿಮ್ಮಿಂದಾನೇ ಮೇಡಂ. ನೀವು ಹೇಳಿದ್ದ ಪ್ರಶ್ನೆಗಳೇ ಬಂದಿದ್ವು."

"ಒಳ್ಳೇದಾಗ್ಲಿ" ಎಂದಳು ತುಳಸಿ. ಒಂದು ಪೇಡಾ ತೆಗೆದುಕೊಂಡು ತಿಂದಳು ಕೂಡ.

"ನಿಮ್ ಮಗಳು ಅಲ್ಲೇ ಅಲ್ವಾ ಮೇಡಂ ಇರೋದು? ಏನಾದ್ರೂ ಕೊಡೋದಿದ್ರೆ ಕೊಡಿ, ತಲುಪಿಸ್ತೀನಿ."

ತುಳಸಿ ಮೇಲೆ ಹೋದಳು. ಇಳಿದು ಬರುವಾಗ ಕೈಯಲ್ಲಿ ಹಳದಿ ಬಣ್ಣದ ಒಂದು ಹೊಸ ಫ್ರಾಕು ಇತ್ತು. ಅದನ್ನು ಯಾವಾಗ ತಂದಿಟ್ಟಿದ್ದಳೋ ನನಗೂ ಗೊತ್ತಿರಲಿಲ್ಲ. ನೀಟಾಗಿ ಮಡಿಸಿ ಐಶ್ವರ್ಯಾಳ ಕೈಗೆ ಕೊಟ್ಟಳು.

"ಹಾಕಿಸಿ ನೋಡು ಪುಟ್ಟಾ. ಬಿಗಿ ಆಗುತ್ತೋ ದೊಗಳೆ ಆಗುತ್ತೋ ಫೋನ್ ಮಾಡಿ ಹೇಳು. ಅಂದಾಜಿನ ಮೇಲೆ ತಂದೆ, ಅವಳ ಅಳತೆ ಈಗ ನಂಗೆ ಗೊತ್ತಿಲ್ಲ."

ಸರಿ ಮೇಡಂ ಎಂದು ಐಶ್ವರ್ಯಾ ಫ್ರಾಕನ್ನು ತನ್ನ ಬ್ಯಾಗಿನಲ್ಲಿಟ್ಟುಕೊಂಡಳು.