ಪಕ್ಕಕ್ಕೆ ಬೀಳದ ಬೆಳಕು

ಟಾರ್ಚ್ ಕಾರ್ಖಾನೆಯಲ್ಲಿ ಅವಳನ್ನು ಚಿಕ್ಕವರು ದೊಡ್ಡವರೆನ್ನದೆ ಎಲ್ಲರೂ ಅತ್ತಿಗೆ ಎಂದೇ ಕರೆಯುತ್ತಿದ್ದರು. ಸಂಬಂಧದಲ್ಲಿ ಅವಳು ನಿಜವಾಗಿ ಅತ್ತಿಗೆಯಾಗಬೇಕಾದದ್ದು ಮೇಸ್ತ್ರಿಗೆ ಮಾತ್ರ. ಅವನು ಅವಳ ತೀರಿಹೋದ ಗಂಡನ ತಮ್ಮ. ಅಣ್ಣ ಹೋದ ಮೇಲೆ ಅವನೇ ಅವಳನ್ನು ಕರೆತಂದು ಪರೀಕ್ಷೆಯ ಮೇಜಿಗೆ ಕೂರಿಸಿದ್ದ. ಅವನ ಕೂಗಾಟಕ್ಕೆ ಇಡೀ ಶೆಡ್ಡು ನಡುಗುತ್ತಿತ್ತು, ಅತ್ತಿಗೆಯ ಮುಂದೆ ಮಾತ್ರ ಬೇಳೆ ಬೇಯುತ್ತಿರಲಿಲ್ಲ.

ತಲೆಗೆ ಕಟ್ಟಿಕೊಳ್ಳುವ ಟಾರ್ಚುಗಳು ಅಲ್ಲಿಯ ಸರಕು. ಬೆಟ್ಟ ಹತ್ತುವವರು, ಮೀನು ಹಿಡಿಯುವವರು, ತಂತಿ ಸರಿಮಾಡುವವರು ಕೊಳ್ಳುತ್ತಿದ್ದರು. ಹೊಸ ಮಾದರಿ ಬಂದಾಗಲೆಲ್ಲ ಅತ್ತಿಗೆ ಅದನ್ನು ಚಾರ್ಜಿಗೆ ಹಾಕಿ, ಬಕೆಟ್ಟಿನಲ್ಲಿ ಅದ್ದಿ, ಸಿಮೆಂಟ್ ನೆಲಕ್ಕೆ ಬೀಳಿಸಿ, ಕೊನೆಗೆ ಹಣೆಗೆ ಬಿಗಿದುಕೊಂಡು ಮುಸ್ಸಂಜೆಯಲ್ಲಿ ಶೆಡ್ಡಿನ ಹಿಂದಿನ ಇಳಿಜಾರಿನಲ್ಲಿ ಪಾಳು ಇಟ್ಟಿಗೆಗೂಡಿನವರೆಗೆ ನಡೆದು ಬರುತ್ತಿದ್ದಳು. “ಮೇಜಿನ ಮೇಲೆ ಎಲ್ಲವೂ ಸಾಧುಗಳೇ. ಹೊರಗೆ ಕರ್ಕೊಂಡು ಹೋದ್ರೆ ತಾನೆ ಬಣ್ಣ ಬಯಲಾಗೋದು,” ಎನ್ನುತ್ತಿದ್ದಳು.

ಆ ಮಳೆಗಾಲದಲ್ಲಿ ಬಂದ ಹೊಸ ಟಾರ್ಚು ಹಗುರವಾಗಿತ್ತು, ಬೇಗ ಚಾರ್ಜ್ ಆಗುತ್ತಿತ್ತು, ನೀರಿಗೂ ಜಗ್ಗಲಿಲ್ಲ. ಆದರೆ ಅದನ್ನು ಕಟ್ಟಿಕೊಂಡು ಹೋದ ಅತ್ತಿಗೆ ಮೊಣಕಾಲು ತರಚಿಕೊಂಡು ಬಂದಳು.

“ಇದು ಬೇಡ. ನೇರಕ್ಕೆ ಬೀಳುತ್ತೆ, ಪಕ್ಕಕ್ಕೆ ಬೀಳೋದೇ ಇಲ್ಲ. ಕುದುರೆ ಕಣ್ಣಿಗೆ ಪಟ್ಟಿ ಕಟ್ಟಿದ ಹಾಗಿದೆ.”

“ಅಗಲ ಬೆಳಕು ಬರ್ಲಿ ಅಂತಾನೇ ಮಾಡಿರೋದು ಅತ್ತಿಗೆ. ಮೀಟರ್ ಸರಿಯಾಗೇ ತೋರಿಸ್ತಿದೆ,” ಎಂದ ಮೇಸ್ತ್ರಿ.

“ಹಾಗಾದ್ರೆ ನಿನ್ನ ಮೀಟರನ್ನೇ ತಲೆಗೆ ಕಟ್ಕೊಂಡು ನಡಿ.”

ಎಲ್ಲರೂ ನಕ್ಕರು. ಅವಳ ಮಾತು ತೆಗೆದುಹಾಕಲಾಗದೆ ಮೇಸ್ತ್ರಿ ಗಾಜು ಬದಲಿಸಿದ, ಮತ್ತೆ ಬದಲಿಸಿದ. ಅವಳದು ಅದೇ ದೂರು. ಪೆಟ್ಟಿಗೆಗಳು ಬಾಗಿಲ ಬಳಿಯೇ ಕೊಳೆಯತೊಡಗಿದವು. ಕೊನೆಗೆ ಒಂದು ಸಂಜೆ ಅವನೂ ರೇಗಿ, ತಾನೊಂದು ಟಾರ್ಚ್ ಬಿಗಿದುಕೊಂಡು ಅವಳ ಜೊತೆ ಇಳಿದ.

ಗೂಡಿನ ಹತ್ತಿರ ನಿಲ್ಲಿಸಿ, “ನೇರ ನೋಡ್ತಾ ಇರಿ. ಎಡಗಡೆ ಏನಿದೆ ಹೇಳಿ,” ಎಂದ.

“ಏನಿರುತ್ತೆ? ಕತ್ತಲೆ.”

ಅಲ್ಲಿ ಕರೆಂಟಿನ ಕಂಬವಿತ್ತು. ಅವಳದೇ ದೀಪದ ಬೆಳಕಿನಲ್ಲಿ ಅವನಿಗೆ ಬೆಳ್ಳಗೆ ಕಾಣುತ್ತಿತ್ತು. ತನ್ನ ಟಾರ್ಚನ್ನು ಬಿಚ್ಚಿ ಅವಳ ಹಣೆಗೆ ಕಟ್ಟಿ ಮತ್ತೆ ಕೇಳಿದ. ಅದೇ ಉತ್ತರ. ಅವಳ ಮುಖದ ಪಕ್ಕದಲ್ಲಿ ಮೆಲ್ಲಗೆ ಕೈಯಾಡಿಸಿದ. ಅವಳ ರೆಪ್ಪೆ ಅಲುಗಲಿಲ್ಲ.

“ಯಾಕೋ ಸುಮ್ಮನಾದೆ?”

“ಏನಿಲ್ಲ. ಮೇಲೆ ಹೋಗೋಣ ಬನ್ನಿ.”

ಅವಳು ಕದಲಲಿಲ್ಲ. ಕತ್ತು ಪೂರ್ತಿ ಹೊರಳಿಸಿದಳು. ಕಂಬ ಕಂಡಿತು. ಹತ್ತಿರ ಹೋಗಿ ಅದರ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ನಿಂತಳು.

“ಹಾಗಾದ್ರೆ ದೀಪ ಚೆನ್ನಾಗಿದೆ,” ಎಂದಳು. “ಕಳಿಸಿಬಿಡು.”

ಕಣ್ಣಿನೊಳಗಿನ ಒತ್ತಡ ಎಂದರು ಡಾಕ್ಟರು. ನೋವಿಲ್ಲದೆ, ಸದ್ದಿಲ್ಲದೆ ಅಂಚಿನಿಂದ ತಿನ್ನುತ್ತ ಬರುವ ಕಾಯಿಲೆ. ಹೋದ ನೋಟ ಮರಳುವುದಿಲ್ಲ. ಹನಿ ಹಾಕಿಕೊಂಡರೆ ಉಳಿದದ್ದನ್ನು ಕಾಪಾಡಬಹುದು. ಮಕ್ಕಳಿದ್ದರೆ ಅವರ ಕಣ್ಣೂ ತೋರಿಸಿ ಎಂದರು.

ಮಗಳು ಹೊಲಿಗೆ ಅಂಗಡಿಯಲ್ಲಿ ಕೆಲಸಕ್ಕಿದ್ದಳು. “ಸೂಜಿಗೆ ದಾರ ಪೋಣಿಸೋಳು ನಾನು, ನನ್ನ ಕಣ್ಣಿಗೇನು ದಾಡಿ?” ಎಂದು ಗೊಣಗುತ್ತಲೇ ಬಂದಳು. ಯಂತ್ರದೊಳಗೆ ಮುಖವಿಟ್ಟು, ಬೆಳಕಿನ ಚುಕ್ಕೆ ಕಂಡಾಗಲೆಲ್ಲ ಗುಂಡಿ ಒತ್ತಬೇಕಿತ್ತು. ತಾಯಿ ಪರದೆಯಾಚೆಯ ಬೆಂಚಿನಲ್ಲಿ ಕೂತು ಕೇಳಿಸಿಕೊಂಡಳು. ಟಿಕ್. ಟಿಕ್. ಆಮೇಲೆ ಸದ್ದಿಲ್ಲ. ಚುಕ್ಕೆ ಬಂದಿಲ್ಲವೋ, ಬಂದರೂ ಮಗಳಿಗೆ ಕಾಣಲಿಲ್ಲವೋ? ಸೆರಗಿನ ತುದಿ ಅವಳ ಬೆರಳುಗಳಲ್ಲಿ ಹಗ್ಗವಾಯಿತು.

ಎಡಗಣ್ಣಿನಲ್ಲಿ ಶುರುವಾಗಿತ್ತು. “ಬೇಗ ಬಂದಿದ್ದೀರಿ, ಒಳ್ಳೇದಾಯ್ತು,” ಎಂದರು ಡಾಕ್ಟರು. ಯಾವುದು ಒಳ್ಳೆಯದೋ ತಾಯಿಗೆ ಹೊಳೆಯಲಿಲ್ಲ.

ರಸ್ತೆಯಲ್ಲಿ ಮಗಳು ಅವಳ ತೋಳು ಹಿಡಿದಳು. “ನಿನ್ನಿಂದ ಬಂತು ಅಂತ ಕೊರಗಬೇಡ. ಈ ಮೊಂಡ ಮೂಗೂ ನಿಂದೇ, ಅದಕ್ಕೇನಾದ್ರೂ ಅಂದಿದ್ದೀನಾ?”

ತಾಯಿಗೆ ನಗು ಬರಲಿಲ್ಲ.

ಈಗ ಅವಳು ಕಿಟಕಿ ಪಕ್ಕ ಕೂತು ಟಾರ್ಚುಗಳಿಗೆ ಎಲಾಸ್ಟಿಕ್ ಪಟ್ಟಿ ಸಿಕ್ಕಿಸುತ್ತಾಳೆ. ಮೇಸ್ತ್ರಿ ಅವಳಿರುವ ಕಡೆ ಕೂಗಾಡುವುದನ್ನು ಬಿಟ್ಟಿದ್ದಾನೆ. ಅದೇ ಅವಳಿಗೆ ಹೆಚ್ಚು ಚುಚ್ಚುತ್ತದೆ. ಬೆಳಗ್ಗೆ ಎದ್ದ ಕೂಡಲೇ ತಾಯಿ ಮಗಳು ಒಬ್ಬರ ಕಣ್ಣಿಗೆ ಇನ್ನೊಬ್ಬರು ಹನಿ ಹಾಕುತ್ತಾರೆ. ಎಷ್ಟೋ ಸಲ ತಾಯಿಯ ಕೈ ತಪ್ಪಿ, ಹನಿ ಮಗಳ ಕೆನ್ನೆಗೆ ಜಾರುತ್ತದೆ. ಮಗಳು ಒರೆಸಿಕೊಂಡು, “ಇನ್ನೊಂದ್ಸಲ ಹಾಕು,” ಎನ್ನುತ್ತಾಳೆ.