ಸರಳು ತಿರುಗಿದ ದಿಕ್ಕು

ಯುದ್ಧದ ಕಾಲ. ನಾನು ಕೋಲಾರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಪ್ರಯೋಗದ ಕೋಣೆಯನ್ನು ಸರ್ಕಾರದ ರಾಗಿ ತುಂಬಲು ಬಿಟ್ಟುಕೊಡಿ ಎಂದು ಹೆಡ್‌ಮಾಸ್ಟರು ಹೇಳಿದಾಗ ನನಗೆ ಮೈಯೆಲ್ಲ ಉರಿಯಿತು.

"ಅಲ್ಲಿ ನೀವು ಮಾಡೋದಾದ್ರೂ ಏನು ಮೇಷ್ಟ್ರೇ? ಒಂದು ಒಳ್ಳೇ ಪ್ರಯೋಗ ತೋರಿಸಿ, ಕೋಣೆ ನಿಮ್ಮದೇ," ಎಂದರು.

ಹಟಕ್ಕೆ ಬಿದ್ದು ಕಷ್ಟದ್ದನ್ನೇ ಆರಿಸಿಕೊಂಡೆ. ಕಬ್ಬಿಣದ ಸರಳಿನೊಳಗಿನ ಕಣಗಳಿಗೆ ಹುಟ್ಟಿನಿಂದಲೇ ಒಂದು ತಿರುಗುವ ಗುಣವಿದೆ. ಸುತ್ತಲಿನ ತಂತಿಸುರುಳಿಯಲ್ಲಿ ವಿದ್ಯುತ್ ಹರಿಸಿದರೆ ಅವು ಒಂದೇ ಕಡೆಗೆ ಸಾಲುಗೂಡುತ್ತವೆ. ಅದನ್ನು ಸರಿದೂಗಿಸಲು ತೂಗುಬಿಟ್ಟ ಸರಳೇ ಕೂದಲೆಳೆಯಷ್ಟು ತಿರುಗುತ್ತದೆ. ವಿದ್ಯುತ್ತಿನ ದಿಕ್ಕು ಬದಲಾದರೆ ಸರಳೂ ಎದುರು ದಿಕ್ಕಿಗೆ ತಿರುಗಬೇಕು. ಈ ಎರಡನೆಯದು ಆಗದಿದ್ದರೆ ಮೊದಲನೆಯದಕ್ಕೆ ಬೆಲೆಯಿಲ್ಲ.

ಬೆರಳುದ್ದದ ಆ ತೆಳು ಸರಳನ್ನು ತೂಗುಬಿಡಲು ಗೂಡಿನಿಂದ ಬಿಚ್ಚಿದ, ಹುರಿಯಿಲ್ಲದ ಒಂಟಿ ರೇಷ್ಮೆ ಎಳೆಯೇ ಆಗಬೇಕು. ಹುತ್ತೂರಿನಲ್ಲಿ ರೇಷ್ಮೆಹುಳು ಸಾಕುತ್ತಿದ್ದ ನನ್ನ ಸೋದರತ್ತೆ ಕೊಟ್ಟಿದ್ದಳು. ಅಭ್ಯಾಸದಲ್ಲಿ ಸರಳು ಎರಡೂ ದಿಕ್ಕಿಗೆ ತಿರುಗಿ ನನ್ನ ಮಾತು ಕೇಳಿತ್ತು ಕೂಡ. ಆದರೆ ತೋರಿಸುವ ಹಿಂದಿನ ದಿನ ಎಳೆ ಕಿತ್ತುಹೋಯಿತು. ಇನ್ನೊಂದು ಬೇಕೆಂದು ಅತ್ತೆಗೆ ಹೇಳಿಕಳಿಸಿದೆ. ಬೆಳಿಗ್ಗೆ ಬಸ್ಸಿನಲ್ಲಿ ಬಂದದ್ದನ್ನು ಸರಿಯಾಗಿ ನೋಡಲೂ ಪುರುಸೊತ್ತಿಲ್ಲದೆ ಕಟ್ಟಿದೆ.

ಹೆಡ್‌ಮಾಸ್ಟರು ಬಂದು ಕುಳಿತರು. ಸರಳಿಗೆ ಅಂಟಿಸಿದ ಚೂರು ಕನ್ನಡಿಯಿಂದ ಬಿಸಿಲಿನ ಚುಕ್ಕೆ ಗೋಡೆಯ ಮೇಲೆ ಬಿದ್ದಿತ್ತು. ಸರಳನ್ನು ಹಿಡಿದಿದ್ದ ಆಸರೆ ತೆಗೆದು ವಿದ್ಯುತ್ ಹರಿಸಿದೆ. ಚುಕ್ಕೆ ಎಡಕ್ಕೆ ಸರಿಯಿತು.

"ಭೇಷ್," ಎಂದು ಅವರು ಎದ್ದರು. "ಕೋಣೆ ಇಟ್ಕೊಳ್ಳಿ."

ನನಗೆ ಚುಕ್ಕೆ ಸರಿದದ್ದು ಅತಿಯಾಯಿತು ಅನ್ನಿಸಿತು. ವಿದ್ಯುತ್ತಿನ ದಿಕ್ಕು ಬದಲಿಸಿದೆ. ಚುಕ್ಕೆ ಎಡಕ್ಕೇ ಹೋಗುತ್ತಿತ್ತು. ಕತ್ತೆತ್ತಿ ನೋಡಿದರೆ ದಾರ ತನ್ನ ಹುರಿಯನ್ನು ತಾನೇ ಬಿಚ್ಚಿಕೊಳ್ಳುತ್ತಿತ್ತು. ಅವರು ಆಗಲೇ ಬಾಗಿಲಲ್ಲಿದ್ದರು. ಬಾಯಿ ಮುಚ್ಚಿಕೊಂಡಿದ್ದರೆ ಮುಗಿದಿತ್ತು. ನನ್ನಿಂದ ಆಗಲಿಲ್ಲ.

"ಇಲ್ಲ ಸಾರ್. ಇದು ದಾರದ ಹುರಿ ಬಿಚ್ತಿರೋದು. ಪ್ರಯೋಗ ಆಗಿಲ್ಲ."

ಅವರು ಹಿಂದಿರುಗಿ ಬಂದು ಬೀಗದ ಕೈಗೆ ಕೈಚಾಚಿದರು. ಮಾರನೆಯ ದಿನ ರಾಗಿ ಮೂಟೆಗಳು ಬಂದವು.

ಭಾನುವಾರ ಜಗಳ ಆಡಬೇಕೆಂದೇ ಹುತ್ತೂರಿಗೆ ಹೋದೆ. ಕೇಳಿದ್ದು ಒಂಟಿ ಎಳೆ, ಕಳಿಸಿದ್ದು ಹುರಿದಾರ ಎಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದೆ. ಅತ್ತೆ ಬಾಗಿಲಲ್ಲೇ ಕಾಯುತ್ತಿದ್ದಳು.

"ಮತ್ತೆ ಕಿತ್ತೋದ್ರೆ ನಾಕು ಜನದ ಮುಂದೆ ನಿನ್ ಮಾನ ಹೋಗ್ತದಲ್ಲಪ್ಪಾ ಅಂತ ಮೂರೆಳೆ ಸೇರಿಸಿ ನಾನೇ ಹುರಿ ಮಾಡ್ದೆ ಕಣೋ. ಕಣ್ಣು ಬೇರೆ ಕಾಣ್ಸಲ್ಲ. ತಡೀತಾ?"

"ತಡೀತು ಅತ್ತೆ," ಎಂದೆ.