ಉಸ್ತಾದರ ಮದ್ದಿನ ಮೇಜು

ನನ್ನ ಕೆಲಸ ಏನೆಂದು ಊರಿನವರು ಕೇಳಿದರೆ ಹೆಂಡತಿ ‘ಸ್ಪೋರ್ಟ್ಸ್ ಕ್ಲಬ್ಬಿನಲ್ಲಿ’ ಎಂದು ಹೇಳಿ ಮಾತು ತಿರುಗಿಸುತ್ತಾಳೆ. ಕುವೈತಿಗೆ ಹೋಗಿ ಬಂದೂಕಿನ ಕಾಡತೂಸು ತುಂಬುತ್ತಾನೆ ಎಂದರೆ ಕೇಳುವವರಿಗೆ ಚೆನ್ನಾಗಿರುವುದಿಲ್ಲ, ನಿಜ. “ಹೋಟೆಲಲ್ಲಿ ಇದ್ದಾರೆ ಅಂತ ಹೇಳುವ ಹಾಗಿದ್ರೂ ಸಾಕಿತ್ತು ಮಾರಾಯ್ರೆ, ಇದೆಂಥ ಕೆಲಸ ನಿಮ್ದು” ಎಂದು ಅಬು ಹಲೀಫಾದ ನಮ್ಮ ಫ್ಲ್ಯಾಟಿನ ಅಡುಗೆಮನೆಯಿಂದ ಆಗಾಗ ಕೇಳಿಬರುತ್ತದೆ. ಉತ್ತರ ಕೊಟ್ಟರೆ ಜಗಳ.

ಶೂಟಿಂಗ್ ಕ್ಲಬ್ಬಿನ ಹಿಂಬದಿಯ ಸಣ್ಣ ಕೋಣೆಯಲ್ಲಿ ನಾವಿಬ್ಬರೇ, ನಾನು ಮತ್ತು ಉಸ್ತಾದ್. ಉಸ್ತಾದ್ ಕುವೈತಿ, ಸೈನ್ಯದಲ್ಲಿದ್ದು ನಿವೃತ್ತರಾದವರು, ಮೀಸೆಯಿಂದ ಮೂಗಿನ ತುದಿಯವರೆಗೂ ಸಿಟ್ಟು. ಸ್ಪರ್ಧೆಗೆ ಹೋಗುವವರಿಗೆ ಅಂಗಡಿಯ ಕಾಡತೂಸು ಸಾಲದು. ಒಂದರಂತೆ ಇನ್ನೊಂದು ಇರಬೇಕು. ಅದಕ್ಕಾಗಿ ಒಮ್ಮೆ ಹಾರಿಸಿದ ಹಿತ್ತಾಳೆ ಚಿಪ್ಪುಗಳನ್ನು ತೊಳೆದು, ತಳಕ್ಕೆ ಬಡಿದರೆ ಕಿಡಿಯಾಗುವ ಹೊಸ ಕೇಪು ಕೂರಿಸಿ, ಮದ್ದು ಅಳೆದು ಹಾಕಿ, ಬಾಯಿಗೆ ಗುಂಡು ಒತ್ತುತ್ತೇವೆ. ತೊಳೆಯುವುದೂ ಕೇಪು ಕೂರಿಸುವುದೂ ನನ್ನ ಪಾಲು. ಮದ್ದು, ಗುಂಡು ಎರಡೂ ಉಸ್ತಾದರದು. ಅಲ್ಲಿ ನನ್ನ ಬೆರಳು ಸೋಕುವಂತಿಲ್ಲ.

ಆ ಮೇಜಿಗೆ ಒಂದು ನಿಯಮವಿತ್ತು. ಮದ್ದಿನ ಡಬ್ಬಿ ತೆರೆದ ಮೇಲೆ ಮಾತಿಲ್ಲ. ಮಾತು ಬಂದರೆ ಕೈಯಲ್ಲಿರುವ ಚಿಪ್ಪನ್ನು ಬೋರಲು ಹಾಕಿ, ಅದನ್ನು ಮತ್ತೆ ಮೊದಲಿನಿಂದ ತುಂಬಬೇಕು. ನಾನು ಸೀನಿದ್ದಕ್ಕೂ ಅವರು ಚಿಪ್ಪು ಬೋರಲು ಹಾಕಿ ನನ್ನನ್ನು ದುರುಗುಟ್ಟಿ ನೋಡಿದ್ದುಂಟು.

ಒಂದು ಶುಕ್ರವಾರ ಸಂಜೆಗೆ ಮುಂಚೆ ಉಸ್ತಾದ್ ಮೊಮ್ಮಗಳಿಗಾಗಿ ತುಂಬುತ್ತಿದ್ದರು. ಹುಡುಗಿ ಕಾಲೇಜಿನಲ್ಲಿ ಓದುತ್ತಾಳೆ, ರೈಫಲ್ ಹಿಡಿದರೆ ಅಜ್ಜನ ಹಾಗೆಯೇ ಉಸಿರು ಬಿಗಿಹಿಡಿಯುತ್ತಾಳೆ. ಚಿಪ್ಪು ಅವರ ಕೈಯಲ್ಲಿರುವಾಗಲೇ ಬಾಗಿಲು ತೆರೆದುಕೊಂಡಿತು. ಅವರ ಹಳೆಯ ಮೇಲಧಿಕಾರಿ ಒಳಗೆ ಬಂದು ಸಲಾಂ ಹೇಳಿದರು.

ಈ ದೇಶದಲ್ಲಿ ಹಿರಿಯರು ಸಲಾಂ ಹೇಳಿದರೆ ಕುಳಿತಲ್ಲೇ ತಲೆಯಾಡಿಸುವಂತಿಲ್ಲ. ಏಳಬೇಕು, ಕೈ ಹಿಡಿಯಬೇಕು, ಮೂಗಿಗೆ ಮೂಗು ತಾಗಿಸಬೇಕು. ಹೇಗಿದ್ದೀರಿ, ಮಕ್ಕಳು ಹೇಗಿದ್ದಾರೆ, ಆರೋಗ್ಯ ಹೇಗಿದೆ, ಮತ್ತೆ ಹೇಗಿದ್ದೀರಿ. ಉಸ್ತಾದ್ ಚಿಪ್ಪನ್ನು ಮೇಜಿನ ಮೇಲಿಟ್ಟು ಎದ್ದರು. ನಾನು ಗಹ್ವಾ ಕಾಫಿ ಬಗ್ಗಿಸಿ ಕೊಟ್ಟೆ. ಹಳೆಯ ದಿನಗಳ ಮಾತು ಶುರುವಾಯಿತು, ನಗು ಜೋರಾಯಿತು. ನಗುತ್ತಲೇ ಉಸ್ತಾದ್ ಕುಳಿತರು, ಆ ಚಿಪ್ಪನ್ನು ಎತ್ತಿಕೊಂಡರು, ಗುಂಡು ಒತ್ತಿ ಕಾಡತೂಸಿನ ಡಬ್ಬಿಗೆ ಹಾಕಿದರು.

ಮದ್ದು ಸುರಿಯುವ ಸಣ್ಣ ಸರಸರ ನನಗೆ ಕೇಳಿಸಲೇ ಇಲ್ಲ. ಅವರ ನಗುವಿನಲ್ಲಿ ಮುಚ್ಚಿಹೋಯಿತೋ? ಏಳುವ ಮೊದಲೇ ಹಾಕಿದ್ದರೋ? ಬಾಯಿ ತೆರೆಯುವುದೋ ಬೇಡವೋ ಎಂದು ನಾನು ಒದ್ದಾಡುತ್ತಿದ್ದಾಗಲೇ ಮೊಮ್ಮಗಳು ಬಂದು ಡಬ್ಬಿ ಎತ್ತಿಕೊಂಡು ಹೊರಟಳು.

ಅವಳದು ಸೆಮಿ ಆಟೊಮ್ಯಾಟಿಕ್ ರೈಫಲ್. ಒಂದು ಹೊಡೆತದ ಬಲದಲ್ಲೇ ಖಾಲಿ ಚಿಪ್ಪನ್ನು ಹೊರಗೆಸೆದು ಮುಂದಿನ ಕಾಡತೂಸನ್ನು ತಾನೇ ಎಳೆದುಕೊಳ್ಳುತ್ತದೆ. ಮದ್ದಿಲ್ಲದ್ದು ಬಂದರೆ ಬರೀ ಕೇಪಿನ ಬಲಕ್ಕೆ ಗುಂಡು ಹೊರಟು ನಳಿಗೆಯಲ್ಲೇ ಸಿಕ್ಕಿಕೊಳ್ಳುತ್ತದೆ, ಮುಂದಿನದನ್ನು ಎಳೆಯಬೇಕಾದ ಬೋಲ್ಟ್ ಅಲ್ಲಾಡುವುದಿಲ್ಲ. ಆಗ ಹೊಡೆಯುವವರ ಕೈ ಅಭ್ಯಾಸಬಲದಿಂದ ಬೋಲ್ಟ್ ಎಳೆದು ಮುಂದಿನದನ್ನು ಹಾರಿಸಿಬಿಡುತ್ತದೆ. ದಾರಿ ಮುಚ್ಚಿರುತ್ತದೆ. ರೈಫಲ್ ಮುಖದ ಪಕ್ಕದಲ್ಲೇ ಸಿಡಿಯುತ್ತದೆ.

ನಾನು ಓಡಿದೆ. ಅವಳು ಚಾಪೆಯ ಮೇಲೆ ಮಲಗಿ ರೈಫಲ್ಲಿಗೆ ಕೆನ್ನೆ ಕೊಟ್ಟಾಗಿತ್ತು. “ಒಂದು ನಿಮಿಷ, ಇವನ್ನು ತೂಗಿ ಕೊಡ್ತೇನೆ” ಎಂದು ಡಬ್ಬಿಗೆ ಕೈ ಹಾಕಿದೆ. ಅಷ್ಟರಲ್ಲಿ ಉಸ್ತಾದ್ ಅತಿಥಿಯ ಜೊತೆ ಬಂದು ನಿಂತಿದ್ದರು.

“ಏನು ತೂಗುವುದು?” ನಮ್ಮ ಅರಬ್ಬಿ, ಹಿಂದಿ ಕಲಸಿದ ಭಾಷೆಯಲ್ಲಿ ಕೇಳಿದರು.

“ಒಂದಕ್ಕೆ ಮದ್ದು ಬಿದ್ದಿಲ್ಲವೋ ಏನೋ, ಉಸ್ತಾದ್.”

“ಬಿದ್ದಿಲ್ಲ ಅಂತ ನೋಡಿದೆಯಾ?”

“ಇಲ್ಲ. ಅನುಮಾನ ಅಷ್ಟೇ.”

ಅವರ ಮುಖ ಕೆಂಪಗಾಯಿತು. “ಇವರ ಮುಂದೆ ನನ್ನ ಕೈಯನ್ನು ತೂಗುತ್ತೀಯಾ ನೀನು? ಖಲಾಸ್. ನಾಳೆಯಿಂದ ಬರಬೇಡ.”

ನನಗೆ ಸಿಟ್ಟು ನೆತ್ತಿಗೇರಿತು, ಹೆದರಿಕೆಯೂ ಆಯಿತು. ಈ ದೇಶದಲ್ಲಿರಲು ಬೇಕಾದ ನನ್ನ ಇಕಾಮಾ ಪರವಾನಗಿ ನಿಂತಿದ್ದೇ ಅವರ ಮಾತಿನ ಮೇಲೆ. ಆದರೂ ಡಬ್ಬಿ ಬಿಡಲಿಲ್ಲ. ಅವರೇ ಅದನ್ನು ಕಿತ್ತುಕೊಂಡರು, ಮೊಮ್ಮಗಳನ್ನು ಎಬ್ಬಿಸಿ ದೂರ ನಿಲ್ಲಿಸಿದರು, ಕಿವಿಗೆ ಮುಚ್ಚಳ ಹಾಕಿಕೊಂಡು ತಾವೇ ಚಾಪೆಯ ಮೇಲೆ ಮಲಗಿದರು.

“ನೀವೂ ಬೇಡ ಉಸ್ತಾದ್” ಎಂದೆ. ಅವರಿಗೆ ಕೇಳಿಸಲಿಲ್ಲ, ಅಥವಾ ಕೇಳಿಸಿಕೊಳ್ಳಲಿಲ್ಲ.

ಹೊಡೆದರು. ಚಿಪ್ಪು ಹಾರಿತು. ಮತ್ತೆ ಹೊಡೆದರು. ಪ್ರತಿ ಸದ್ದಿಗೂ ನನಗೆ ಜೀವ ಬಂದು ಹೋಗುತ್ತಿತ್ತು. ನನ್ನ ಅನುಮಾನವೇ ಸುಳ್ಳಾಗಲಿ, ಕೆಲಸ ಹೋದರೆ ಹೋಗಲಿ ಎಂದು ಊರಿನ ದೈವಗಳನ್ನೆಲ್ಲ ಬೇಡಿಕೊಂಡೆ. ಡಬ್ಬಿ ಅರ್ಧ ಖಾಲಿಯಾಯಿತು. ಅತಿಥಿ ನನ್ನ ಕಡೆ ನೋಡಿ ಕರುಣೆಯಿಂದ ನಕ್ಕರು. ನಾಳೆ ಮನೆಯಲ್ಲಿ ಏನು ಹೇಳುವುದು ಎಂದು ನಾನು ಯೋಚಿಸತೊಡಗಿದ್ದೆ.

ಟಪ್.

ಬಾಗಿಲ ಚಿಲಕ ಬಿದ್ದಷ್ಟು ಸದ್ದು. ಚಿಪ್ಪು ಹಾರಲಿಲ್ಲ. ಉಸ್ತಾದರ ಕೈ ಯೋಚನೆಯಿಲ್ಲದೆ ಬೋಲ್ಟಿಗೆ ಹೋಯಿತು, ಎಳೆಯಿತು, ಹೊಸದೊಂದು ಒಳಗೆ ಕೂತಿತು. ನಾನು ಹೊಡೆಯುವವರ ಗೆರೆ ದಾಟಿ ಬಿದ್ದವನೇ ಅವರ ಮಣಿಕಟ್ಟನ್ನು ಎರಡೂ ಕೈಯಿಂದ ಹಿಡಿದೆ. ಅಷ್ಟು ವರ್ಷಗಳಲ್ಲಿ ಸಲಾಮಿಗಲ್ಲದೆ ಅವರ ಮೈ ಮುಟ್ಟಿದವನಲ್ಲ ನಾನು.

“ಗುಂಡು ಒಳಗಿದೆ ಉಸ್ತಾದ್! ಒಳಗಿದೆ!”

ಅವರು ನನ್ನ ಕೈಗಳನ್ನು ನೋಡಿದರು. ಆಮೇಲೆ ಬಂದೂಕಿನ ಕುದುರೆಯಿಂದ ಬೆರಳು ತೆಗೆದರು. ರೈಫಲ್ ಖಾಲಿ ಮಾಡಿ, ಹಿತ್ತಾಳೆ ಸರಳಿನಿಂದ ನಳಿಗೆಯನ್ನು ತಳ್ಳಿದಾಗ ಗುಂಡು ಚಾಪೆಯ ಮೇಲೆ ಬಿತ್ತು.

ಉಸ್ತಾದ್ ಕಷ್ಟಪಟ್ಟು ಎದ್ದರು. ನನ್ನನ್ನೂ ದಾಟಿ, ಅತಿಥಿಯನ್ನೂ ದಾಟಿ ಮೊಮ್ಮಗಳ ಬಳಿ ಹೋದರು. ಅವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದರು. ಗುರಿ ಹಿಡಿಯುವ ಅವಳ ಬಲಗಣ್ಣಿನ ಮೇಲೆ ಹೆಬ್ಬೆರಳಿನಿಂದ ಮೆಲ್ಲಗೆ ಸವರಿದರು, ಮತ್ತೆ ಮತ್ತೆ ಸವರಿದರು. ಹುಡುಗಿ ಕಣ್ಣು ಮುಚ್ಚಿಕೊಂಡು ನಿಂತಿದ್ದಳು.